ಗೆದ್ದಲು ಬೆಳೆದ ಬೆಳೆ

ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯುವ ಹೊತ್ತಿಗೆ ನಮ್ಮ ಅಜ್ಜಿಯ ಒಂದು ಕಿವಿ ಸದಾ ಆಕಾಶದ ಕಡೆಗಿರುತ್ತಿತ್ತು. ಮಲೆನಾಡಿನ ಜಡಿಮಳೆಗೆ ಇರುವುದು ಒಂದೇ ಸದ್ದು, ಹೆಂಚಿನ ಮೇಲೆ ಹಗಲೂ ರಾತ್ರಿಯೂ ಸುರಿಯುವ ಸದ್ದು. ಆ ಮಳೆ ಒಂದೆರಡು ದಿನ ಬಿಡುವು ಕೊಟ್ಟು, ಎಳೆಬಿಸಿಲು ಕಂಡು, ಸಂಜೆಗೆ ಗುಡುಗಿತೆಂದರೆ ಒಲೆಯ ಮುಂದೆ ಕೂತಲ್ಲಿಂದಲೇ ಹೇಳುತ್ತಿದ್ದಳು: "ನಾಳೆ ಬೆಳಿಗ್ಗೆ ಬೇಗ ಎದ್ದು ಸೊಪ್ಪಿನಬೆಟ್ಟಕ್ಕೆ ಹೋಗಿ ಬಾ ಮಾರಾಯ. ಅಣಬೆ ಎದ್ದಿರ್ತದೆ."

ಬೆಳಕು ಹರಿಯುವ ಮೊದಲೇ ಹೋಗಬೇಕು. ತಡವಾದರೆ ಬೇರೆಯವರ ಬುಟ್ಟಿ ತುಂಬಿರುತ್ತದೆ, ಇಲ್ಲವೇ ಹುಳ ಮುತ್ತಿರುತ್ತದೆ. ದರಗು ತುಳಿಯುತ್ತ, ಉಂಬಳಗಳಿಗೆ ಕಾಲು ಕೊಡುತ್ತ ಹುತ್ತದ ಬುಡಕ್ಕೆ ಬಂದರೆ, ನಿನ್ನೆ ಸಂಜೆ ಬರಿಯ ಒದ್ದೆಮಣ್ಣು ಇದ್ದ ಜಾಗದಲ್ಲಿ ಇಂದು ಬೂದುಬಿಳುಪಿನ ಮೊಗ್ಗುಗಳು ಮಣ್ಣನ್ನು ಬಿರಿದು ನಿಂತಿರುತ್ತಿದ್ದವು. ಕೆಲವು ಹೆಬ್ಬೆರಳಿನಷ್ಟು, ಕೆಲವು ಆಗಲೇ ಅಂಗೈಯಗಲ ಕೊಡೆ ಬಿಡಿಸಿದ್ದು. ಮೂಗು ಹತ್ತಿರ ಒಯ್ದರೆ ಹೊಸಮಳೆಯ ಮಣ್ಣಿನ ವಾಸನೆಯ ಜೊತೆಗೆ ಹಸಿಹಿಟ್ಟಿನಂಥ ಇನ್ನೊಂದು ವಾಸನೆ.

ಅಜ್ಜಿಯ ಕಟ್ಟಪ್ಪಣೆ ಎರಡೇ. ಹುತ್ತಕ್ಕೆ ಹಾರೆ ಹಾಕಬಾರದು. ಪೂರ್ತಿ ಬಿರಿದು ಹಾಳೆಯಂತೆ ಹರಡಿದ ಅಣಬೆಯನ್ನು ಕೀಳಬಾರದು. ಯಾಕೆ ಎಂದು ಕೇಳಿದರೆ ಒಂದೇ ಮಾತು: "ಮೊಗ್ಗು ನಮ್ಮದು, ಬಿರಿದದ್ದು ಹುತ್ತದ್ದು." ಬಿರಿದದ್ದು ನಾರಾಗಿರುತ್ತದೆ, ಹುಳ ಬಿದ್ದಿರುತ್ತದೆ, ಅದಕ್ಕೇ ಹಾಗೆ ಹೇಳುತ್ತಾಳೆ ಎಂದು ನಾನು ಬಹುಕಾಲ ತಿಳಿದಿದ್ದೆ. ಆ ಮಾತಿನ ಒಳಗೆ ಎಷ್ಟು ಆಳದ ಸಂಗತಿ ಇದೆ ಎಂಬುದು ತಿಳಿಯಲು ನಾನು ಗೆದ್ದಲಿನ ಬಗ್ಗೆ ಓದಬೇಕಾಯಿತು.

ನಾಯಿಕೊಡೆ ಎಂಬ ಹಗುರ ಮಾತು

ಬೇಡದ್ದು ದಿಢೀರನೆ ಎಲ್ಲೆಂದರಲ್ಲಿ ಹುಟ್ಟಿಕೊಂಡರೆ ಕನ್ನಡದಲ್ಲಿ 'ನಾಯಿಕೊಡೆಗಳಂತೆ ತಲೆ ಎತ್ತಿವೆ' ಎನ್ನುತ್ತೇವೆ. ಬುಡವಿಲ್ಲದ್ದು, ಬೆಲೆಯಿಲ್ಲದ್ದು, ನಾಳೆಗೆ ಉಳಿಯದ್ದು ಎಂಬ ಅರ್ಥ ಅದಕ್ಕೆ. ಆದರೆ ಹುತ್ತದ ಅಣಬೆಯಷ್ಟು ಆಳಕ್ಕೆ ಬುಡವಿರುವ ಅಣಬೆ ಇನ್ನೊಂದಿಲ್ಲ. ನಿಧಾನವಾಗಿ, ಕೈ ಮಣ್ಣಿಗಿಳಿಸಿ ಜಗ್ಗಿದರೆ ದಂಟಿನ ಕೆಳಗೆ ಬೇರಿನಂಥ ಬಾಲವೊಂದು ಬರುತ್ತದೆ; ಒಂದು ಮೊಳ, ಕೆಲವೊಮ್ಮೆ ಎರಡು ಮೊಳ. ಎಷ್ಟೇ ಜೋಪಾನ ಮಾಡಿದರೂ ಕೊನೆಗೆ ಎಲ್ಲೋ ತುಂಡಾಗುತ್ತದೆ. ತುಂಡಾಗದ ಇನ್ನೊಂದು ತುದಿ ಇರುವುದು ನೆಲದಡಿಯ ಒಂದು ಕೋಣೆಯಲ್ಲಿ, ಗೆದ್ದಲುಗಳು ಕಟ್ಟಿ, ಬಿತ್ತಿ, ಕಳೆ ತೆಗೆದು ಸಾಕುತ್ತಿರುವ ತೋಟದಲ್ಲಿ.

ಈ ಅಣಬೆಗೆ ನಮ್ಮ ನಾಡಿನಲ್ಲಿ ಹೆಸರು ಹಲವು. ಮಲೆನಾಡಿನಲ್ಲಿ ಅಣಬೆ, ಕರಾವಳಿಯ ಕೆಲವೆಡೆ ಅಳಂಬೆ, ತುಳುವಿನಲ್ಲಿ ಲಾಂಬು, ಕೊಡವರಲ್ಲಿ ಕುಮ್ಮು. ಗೋವೆಯ ಕೊಂಕಣಿಗರು ಹುತ್ತದ ಹೆಸರನ್ನೇ ಸೇರಿಸಿ 'ರೋಯಣ್ ಅಳ್ಮಿ' ಎನ್ನುತ್ತಾರೆ. ವಿಜ್ಞಾನದ ಹೆಸರೂ ಅದನ್ನೇ ಹೇಳುತ್ತದೆ: ಟರ್ಮಿಟೋಮೈಸಿಸ್, ಅಂದರೆ ಗೆದ್ದಲಿನ ಶಿಲೀಂಧ್ರ. ಈ ಕುಲವನ್ನು 1942ರಲ್ಲಿ ಹೀಗೆ ಹೆಸರಿಸಿದವರು ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜೆ ಹೈಮ್. ಆಫ್ರಿಕಾ ಮತ್ತು ಏಷ್ಯಾದ ಬಿಸಿನಾಡುಗಳಲ್ಲಿ ಇದರ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಜಾಂಬಿಯಾದ ಕಾಡುಗಳ ಟರ್ಮಿಟೋಮೈಸಿಸ್ ಟೈಟಾನಿಕಸ್‌ನ ಕೊಡೆ ಒಂದು ಮೀಟರ್‌ವರೆಗೂ ಅಗಲವಾಗುತ್ತದೆ; ತಿನ್ನುವ ಅಣಬೆಗಳಲ್ಲೆಲ್ಲ ಅತಿ ದೊಡ್ಡ ಕೊಡೆ ಅದರದ್ದು. ದಕ್ಷಿಣ ಭಾರತದ್ದೇ ಆದ ಒಂದು ಪ್ರಭೇದವನ್ನು ಮದ್ರಾಸಿನ ವಿಜ್ಞಾನಿ ಕೆ. ನಟರಾಜನ್ 1979ರಲ್ಲಿ ವಿವರಿಸಿ, ಹೈಮ್ ಅವರ ಗೌರವಕ್ಕೆ ಟರ್ಮಿಟೋಮೈಸಿಸ್ ಹೈಮಿಯೈ ಎಂದು ಕರೆದರು. ಪಶ್ಚಿಮಘಟ್ಟ ಮತ್ತು ಕರಾವಳಿಯಲ್ಲಿ ಈ ಕುಲದ ಅಣಬೆಗಳು ಎಲ್ಲೆಲ್ಲಿ ಏಳುತ್ತವೆ ಎಂಬುದನ್ನು ಮಂಗಳೂರು ವಿಶ್ವವಿದ್ಯಾಲಯದ ಎನ್. ಸಿ. ಕರುಣ್ ಮತ್ತು ಕೆ. ಆರ್. ಶ್ರೀಧರ್ ಹುಡುಕಿ 2013ರಲ್ಲಿ ದಾಖಲಿಸಿದ್ದಾರೆ.

ನೆಲದಡಿಯ ಬೇಸಾಯ

ಗೆದ್ದಲನ್ನು 'ಬಿಳಿ ಇರುವೆ' ಎನ್ನುವುದುಂಟು. ಅದು ಇರುವೆಯ ಕುಲದ್ದಲ್ಲ. ಇರುವೆಯ ನೆಂಟರು ಜೇನು, ಕಣಜ. ಗೆದ್ದಲಿನ ಹತ್ತಿರದ ನೆಂಟ ಜಿರಲೆ. ಮರ, ಕಡ್ಡಿ, ಒಣಎಲೆ ತಿಂದು ಬದುಕುವುದು ಸುಲಭವಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಕರಗಿಸಿಕೊಳ್ಳಬಲ್ಲ ಜೀವಿಗಳು ಭೂಮಿಯ ಮೇಲೆ ತೀರ ಕಡಿಮೆ. ಆ ಕೆಲಸದಲ್ಲಿ ಪಳಗಿದ್ದು ಶಿಲೀಂಧ್ರಗಳು. ಗೆದ್ದಲುಗಳ ಒಂದು ಪಂಗಡ ಸುಮಾರು 3 ಕೋಟಿ ವರ್ಷಗಳ ಹಿಂದೆ, ಆಫ್ರಿಕಾದ ಮಳೆಕಾಡಿನಲ್ಲಿ, ಈ ಶಿಲೀಂಧ್ರವನ್ನು ಮನೆಯೊಳಗೆ ಸಾಕಿಕೊಂಡಿತು. ಟಾಂಜಾನಿಯಾದಲ್ಲಿ ಸುಮಾರು 2.5 ಕೋಟಿ ವರ್ಷ ಹಳೆಯ ಗೆದ್ದಲಿನ ತೋಟವೇ ಕಲ್ಲಾಗಿ ಸಿಕ್ಕಿದೆ. ಮನುಷ್ಯ ಬೇಸಾಯಕ್ಕಿಳಿದು ಹನ್ನೆರಡು ಸಾವಿರ ವರ್ಷ ಆಗಿರಬಹುದು ಅಷ್ಟೇ. ಹೊಲ ಮಾಡಿದ ಮನುಷ್ಯರು ಹೊಲ ಬಿಟ್ಟು ಮತ್ತೆ ಬೇಟೆಗೆ ಹೋದದ್ದುಂಟು. ಈ ಪಂಗಡದಲ್ಲಿ ಈಗ ಸುಮಾರು 330 ಪ್ರಭೇದಗಳಿವೆ. ಒಂದೂ ಬೇಸಾಯ ಬಿಟ್ಟಿಲ್ಲ.

ಬೇಸಾಯದ ಕ್ರಮ ಹೀಗೆ. ಹೊರಗೆ ಹೋದ ಕೆಲಸಗಾರ ಗೆದ್ದಲುಗಳು ಒಣಎಲೆ, ಕಡ್ಡಿ, ತೊಗಟೆ, ಸಗಣಿಯ ಚೂರು ತರುತ್ತವೆ. ಗೂಡಿನ ಒಳಗಿರುವ ಎಳೆಯ ಗೆದ್ದಲುಗಳು ಅದನ್ನು ನುಂಗಿ, ಅರೆಬರೆ ಅರಗಿಸಿ, ತೋಟದ ಮೇಲುಭಾಗದಲ್ಲಿ ಹಿಕ್ಕೆಯಾಗಿ ಇಡುತ್ತವೆ. ಆ ಹಿಕ್ಕೆಯ ಜೊತೆಗೆ ಶಿಲೀಂಧ್ರದ ಬೀಜಾಣುಗಳೂ ಬೀಳುತ್ತವೆ. ಎಂದರೆ ಗೊಬ್ಬರ ಹಾಕುವುದೂ ಬಿತ್ತುವುದೂ ಒಂದೇ ಬಾರಿಗೆ. ಕೆಲವೇ ದಿನಗಳಲ್ಲಿ ಬಿಳಿಯ ಎಳೆಗಳು ಅದರ ತುಂಬ ಹರಡುತ್ತವೆ. ಮೇಲೆ ಸಾಸಿವೆ ಗಾತ್ರದ ಬಿಳಿ ಮುತ್ತುಗಳು ಮೂಡುತ್ತವೆ. ಅವನ್ನು ಎಳೆಯ ಗೆದ್ದಲುಗಳು ಮೇಯುತ್ತವೆ. ಅದರಲ್ಲಿರುವ ಬೀಜಾಣು ಮತ್ತೆ ಹೊಸ ಹಿಕ್ಕೆಯನ್ನು ಸೇರುತ್ತದೆ. ಶಿಲೀಂಧ್ರ ಮೆತ್ತಗೆ ಮಾಡಿಟ್ಟ ಹಳೆಯ ಭಾಗವನ್ನು ವಯಸ್ಸಾದ ಗೆದ್ದಲುಗಳು ಕೆಳಗಿನಿಂದ ತಿನ್ನುತ್ತ ಬರುತ್ತವೆ. ಮೇಲಿನಿಂದ ಕಟ್ಟುವುದು, ಕೆಳಗಿನಿಂದ ಉಣ್ಣುವುದು.

ಈ ತೋಟವನ್ನು ಕಣ್ಣಾರೆ ಕಂಡವರು ಮರೆಯುವುದಿಲ್ಲ. ರಸ್ತೆ ಅಗೆಯುವಾಗಲೋ ಬಾವಿ ತೋಡುವಾಗಲೋ ಹುತ್ತ ಸೀಳಿದರೆ, ಕೆಂಪುಮಣ್ಣಿನ ಗುಮ್ಮಟದಂಥ ಕೋಣೆಯಲ್ಲಿ ಜೇನಿನ ಎರಿಯನ್ನು ಕಿವುಚಿ ಇಟ್ಟಂಥ, ಅಕ್ರೋಟಿನ ತಿರುಳಿನಂತೆ ಸುಕ್ಕುಸುಕ್ಕಾದ ಹಗುರ ಮುದ್ದೆ ಕಾಣುತ್ತದೆ. ಮುಟ್ಟಿದರೆ ಉದುರುತ್ತದೆ. ಒಂದೊಂದು ಹುತ್ತದಡಿ ಇಂಥ ಹತ್ತಾರು ಕೋಣೆಗಳು. ನಡುವೆ ಎಲ್ಲೋ ರಾಣಿ; ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತ, ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲವಳು. ಹೊರಗೆ ಬೇಸಿಗೆಯ ಉರಿಯಿರಲಿ, ಮಾಗಿಯ ಚಳಿಯಿರಲಿ, ತೋಟದ ಕೋಣೆಯಲ್ಲಿ ಬಿಸಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಹುತ್ತದ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಆಡುತ್ತದೆ, ಮಳೆನೀರು ಮಾತ್ರ ಒಳಗಿಳಿಯದು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಸೆಲೆ ಹುಡುಕುವವರಿಗೆ ಹುತ್ತವನ್ನು ಗುರುತಾಗಿ ತೋರಿಸುತ್ತಾನೆ. ತೇವವಿಲ್ಲದೆ ಈ ಬೇಸಾಯವಿಲ್ಲ ಎಂಬುದನ್ನು ನೋಡಿದರೆ ಆ ಗುರುತಿನ ಹಿಂದೆ ನೆಲವನ್ನು ಬಲ್ಲವರ ಕಣ್ಣಿತ್ತು ಅನ್ನಿಸುತ್ತದೆ.

ಹುತ್ತದೊಳಗೆ ಅಣಬೆಯಂಥದ್ದೇನೋ ಇದೆ ಎಂಬುದನ್ನು ಆಧುನಿಕ ವಿಜ್ಞಾನಕ್ಕೆ ಮೊದಲು ತಿಳಿಸಿದ್ದು ನಮ್ಮ ದಕ್ಷಿಣದ ಹುತ್ತಗಳೇ. ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ ಎಂಬ ವೈದ್ಯ, ಲಿನೇಯಸ್‌ನ ಶಿಷ್ಯ, ತಮಿಳು ಕರಾವಳಿಯ ತರಂಗಂಬಾಡಿಯ ಡೇನಿಷ್ ನೆಲೆಗೆ ಬಂದು ನಿಂತಿದ್ದ. ಅಲ್ಲಿನ ಗೆದ್ದಲಿನ ಗೂಡುಗಳನ್ನು ಒಡೆದು ನೋಡಿ, ಒಳಗಿನ ಬಿಳಿ ಮುತ್ತುಗಳ ವಿವರವನ್ನೂ ಸೇರಿಸಿ 1779ರಲ್ಲಿ ಬರೆದ. ಎರಡು ವರ್ಷಗಳ ಬಳಿಕ, 1781ರಲ್ಲಿ, ಹೆನ್ರಿ ಸ್ಮೀತ್‌ಮನ್ ಆಫ್ರಿಕಾದ ಹುತ್ತಗಳ ಬಗ್ಗೆ ಬರೆದ. ಸಿಲೋನಿನಿಂದ ಹೋದ ಅಣಬೆಯೊಂದನ್ನು 1847ರಲ್ಲಿ ಇಂಗ್ಲೆಂಡಿನ ಬರ್ಕ್‌ಲಿ 'ಒಳ್ಳೆಯ ಬೇರುಳ್ಳದ್ದು' ಎಂಬ ಅರ್ಥದಲ್ಲಿ ಯೂರೈಜಸ್ ಎಂದು ಹೆಸರಿಸಿದ. ಆ ಬೇರು ಹೋಗಿ ಮುಟ್ಟುವ ತೋಟವನ್ನು ಪೆರಾದೆನಿಯದ ಸಸ್ಯೋದ್ಯಾನದಲ್ಲಿದ್ದ ಥಾಮಸ್ ಪೆಚ್ 1906ರಲ್ಲಿ ವಿವರವಾಗಿ ಬರೆದ.

ಕಳೆ ತೆಗೆಯುವ ಕೆಲಸ

ಬೆಚ್ಚಗಿನ, ತೇವದ, ಗೊಬ್ಬರ ತುಂಬಿದ ಕೋಣೆ ಎಂದರೆ ಎಲ್ಲ ಬೂಷ್ಟಿಗೂ ಹಬ್ಬ. ಆದರೂ ಆರೋಗ್ಯವಾಗಿರುವ ಗೂಡಿನ ತೋಟದಲ್ಲಿ ಒಂದೇ ಶಿಲೀಂಧ್ರ, ಅದರಲ್ಲೂ ಒಂದೇ ತಳಿ ಬೆಳೆದಿರುತ್ತದೆ. ಪಕ್ಕದ ಹುತ್ತದಲ್ಲಿ ಬೇರೆ ತಳಿ ಇರಬಹುದು, ಈ ಹುತ್ತದೊಳಗೆ ಬೆರಕೆಯಿಲ್ಲ. ಇದು ಹೇಗೆ ಸಾಧ್ಯ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೋರ್ಜಸ್ ಅವರ ತಂಡ ಈ ಪ್ರಶ್ನೆಯ ಬೆನ್ನು ಹತ್ತಿತು. ನಮ್ಮ ಬಯಲುಸೀಮೆಯಲ್ಲೂ ಎತ್ತರಕ್ಕೆ ಹುತ್ತ ಕಟ್ಟುವ ಓಡಾಂಟೋಟರ್ಮಿಸ್ ಒಬೆಸಸ್ ಗೆದ್ದಲುಗಳನ್ನೇ ಅವರು ನೋಡಿದ್ದು. ಈ ಗೆದ್ದಲುಗಳು ತಮ್ಮ ಬೆಳೆಯನ್ನೂ ಕಳೆಯನ್ನೂ ವಾಸನೆಯಿಂದಲೇ ಬೇರೆ ಮಾಡಿ ಗುರುತಿಸುತ್ತವೆ. ಕಳೆ ಕಂಡಲ್ಲಿ ಮಣ್ಣಿನ ಸಣ್ಣ ಉಂಡೆಗಳನ್ನು ತಂದು ಮುಚ್ಚುತ್ತವೆ, ಗಾಳಿಯಾಡದಂತೆ ಹೂಳುತ್ತವೆ. ಆ ಕಳೆಯ ಹೆಸರು ಸ್ಯೂಡೋಕ್ಸೈಲೇರಿಯ. ಅದು ತೋಟದಲ್ಲಿ ಸದಾ ಅಡಗಿರುತ್ತದೆ, ಗೆದ್ದಲುಗಳು ಇರುವತನಕ ತಲೆ ಎತ್ತುವುದಿಲ್ಲ. ಗೂಡು ಸತ್ತ ಮೇಲೆ ಅದರ ಕಾಲ. ಹಳೆಯ ಹುತ್ತದ ಮೇಲೆ ಇದ್ದಿಲ ಕಡ್ಡಿಯಂಥ ಕಪ್ಪು ಬೆರಳುಗಳು ಮೂಡಿದ್ದು ಕಂಡರೆ ಒಳಗೆ ಬೇಸಾಯಗಾರರು ಉಳಿದಿಲ್ಲ ಎಂದು ತಿಳಿಯಬೇಕು. ಅಂಥ ಜಾಗದಲ್ಲಿ ತಿನ್ನುವ ಅಣಬೆಗೆ ಕಾಯುವುದು ವ್ಯರ್ಥ.

ತೋಟದ ಅಣಬೆ ಮಾತ್ರ ಮರವನ್ನು ಅರಗಿಸುವುದಲ್ಲ ಎಂಬುದೂ ಈಗ ಗೊತ್ತಾಗಿದೆ. ಆಫ್ರಿಕಾದ ಒಂದು ಗೆದ್ದಲು, ಅದರ ಶಿಲೀಂಧ್ರ ಮತ್ತು ಅದರ ಕರುಳಿನ ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನು ಒಟ್ಟಿಗೆ ಓದಿದ ಅಧ್ಯಯನ 2014ರಲ್ಲಿ ಹೊರಬಂತು. ಗಟ್ಟಿ ನಾರನ್ನು ಬಿಡಿಸುವುದು ಶಿಲೀಂಧ್ರ, ಬಿಡಿಸಿದ್ದನ್ನು ಕಡೆಯ ಹಂತಕ್ಕೆ ಒಯ್ಯುವುದು ಕರುಳಿನ ಬ್ಯಾಕ್ಟೀರಿಯಾ, ಹೊತ್ತು ತಂದು ಹದ ಮಾಡುವುದು ಗೆದ್ದಲು. ಮೂವರ ಪಾಲುಗಾರಿಕೆ. ಕಾಡಿನಲ್ಲಿ ಬಿದ್ದ ಎಲೆ ಮತ್ತೆ ಮಣ್ಣಾಗುವುದಕ್ಕೆ ಈ ಪಾಲುಗಾರಿಕೆ ಎಷ್ಟು ದುಡಿಯುತ್ತದೆ ಎಂದು ಯೋಚಿಸಿದರೆ, ಗೆದ್ದಲು ಹಿಡಿದ ಮನೆಯ ತೊಲೆಯ ನೋವು ತುಸು ಕಡಿಮೆಯಾದೀತು. ನಮ್ಮ ದೇಶದಲ್ಲಿ ಸುಮಾರು 300 ಬಗೆಯ ಗೆದ್ದಲುಗಳಿವೆ. ಮನೆಗೋ ಬೆಳೆಗೋ ಕೈ ಹಾಕುವವು ಅವುಗಳಲ್ಲಿ ಸಣ್ಣ ಪಾಲು.

ಮಳೆಹುಳು ಮತ್ತು ಅಣಬೆ

ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ಸಂಜೆ ದೀಪದ ಸುತ್ತ ಮುತ್ತುವ ಮಳೆಹುಳುಗಳನ್ನು ಎಲ್ಲರೂ ಕಂಡಿದ್ದೇವೆ. ಬಯಲುಸೀಮೆಯಲ್ಲಿ ಈಸಲು ಎಂದು ಕರೆದು, ಹಿಡಿದು ಹುರಿದು ತಿನ್ನುವವರೂ ಇದ್ದಾರೆ. ರೆಕ್ಕೆ ಬಂದ ಈ ಗೆದ್ದಲುಗಳು ಮುಂದಿನ ರಾಜರಾಣಿಯರು. ಹಾರಿದವುಗಳಲ್ಲಿ ಬಹುಪಾಲು ಹಲ್ಲಿ, ಕಪ್ಪೆ, ಕಾಜಾಣಗಳ ಪಾಲಾಗುತ್ತವೆ. ಉಳಿದ ಜೋಡಿಗಳು ರೆಕ್ಕೆ ಉದುರಿಸಿ, ಒದ್ದೆನೆಲದಲ್ಲಿ ಸಣ್ಣ ಗೂಡು ತೋಡಿ, ಬಾಗಿಲು ಮುಚ್ಚಿಕೊಳ್ಳುತ್ತವೆ.

ನನ್ನನ್ನು ಬೆರಗುಗೊಳಿಸಿದ ಸಂಗತಿ ಇಲ್ಲಿದೆ. ಹೊಸ ಸಂಸಾರ ಹೂಡುವ ಈ ಜೋಡಿ ತವರಿನಿಂದ ಬೀಜ ತರುವುದಿಲ್ಲ. ಒಂದೆರಡು ಬಗೆಯ ಗೆದ್ದಲುಗಳಲ್ಲಿ ತಾಯಿಯೋ ತಂದೆಯೋ ಹೊಟ್ಟೆಯಲ್ಲಿ ಶಿಲೀಂಧ್ರವನ್ನು ಒಯ್ಯುವುದುಂಟು. ನಮ್ಮಲ್ಲಿ ಹೆಚ್ಚಾಗಿರುವ ಓಡಾಂಟೋಟರ್ಮಿಸ್ ಪಂಗಡದಲ್ಲಿ ಹಾಗಿಲ್ಲ. ಬರಿಗೈಯಲ್ಲಿ ಹೋಗುತ್ತವೆ. ಜೋಡಿ ತನ್ನ ಮೈಯಲ್ಲಿನ ಕೊಬ್ಬನ್ನೇ ಕರಗಿಸಿ ಮೊದಲ ಮರಿಗಳನ್ನು ಸಾಕುತ್ತದೆ. ವಾರಗಳು ಕಳೆದು ಆ ಮರಿಗಳು ಕೆಲಸಕ್ಕೆ ಬಂದು, ಬಾಗಿಲು ತೆರೆದು, ಮೊದಲ ಬಾರಿ ಹೊರಗೆ ಮೇವಿಗೆ ಹೋಗುವ ಹೊತ್ತಿಗೆ, ಹಳೆಯ ಹುತ್ತಗಳ ಮೇಲೆ ಅಣಬೆಗಳು ಎದ್ದು ಅರಳಿರುತ್ತವೆ. ಬಿರಿದ ಕೊಡೆಯ ಅಡಿಯಿಂದ ನಸುಗೆಂಪು ಛಾಯೆಯ ಬೀಜಾಣುಗಳು ಲೆಕ್ಕವಿಲ್ಲದಷ್ಟು ಉದುರಿ, ಗಾಳಿಯಲ್ಲಿ ತೇಲಿ, ಎಲೆ ಕಡ್ಡಿಗಳ ಮೇಲೆ ಕೂತಿರುತ್ತವೆ. ಎಳೆಯ ಕೆಲಸಗಾರರು ಆ ಎಲೆಯನ್ನು ತಿಂದು ಗೂಡಿಗೆ ಮರಳಿ ಹಿಕ್ಕೆ ಇಟ್ಟಾಗ ಬೀಜಾಣುಗಳು ಅಲ್ಲಿ ಮೊಳೆಯುತ್ತವೆ. ಹೊಸ ಹುತ್ತದ ತೋಟ ಹೀಗೆ ಶುರುವಾಗುತ್ತದೆ.

ಅಂದರೆ ಅಣಬೆ ಏಳುವುದು ನಮ್ಮ ಸಾರಿಗೆಂದಲ್ಲ. ವರ್ಷವಿಡೀ ಗೆದ್ದಲುಗಳು ಬಿಳಿ ಮುತ್ತುಗಳನ್ನು ಮೇಯುತ್ತಲೇ ಇರುತ್ತವೆ, ಶಿಲೀಂಧ್ರಕ್ಕೆ ಕೊಡೆ ಬಿಡಿಸಲು ಅವಕಾಶವಿಲ್ಲ. ಮಳೆಗಾಲದ ಈ ಕೆಲವೇ ದಿನಗಳಲ್ಲಿ ಅದು ತೋಟದಿಂದ ಮೇಲಕ್ಕೆ ಹೊರಡುತ್ತದೆ. ತಲೆಯ ತುದಿ ದಬ್ಬಳದಂತೆ ಚೂಪು, ಗಟ್ಟಿ. ಆ ಚೂಪಿನಿಂದಲೇ ಗಟ್ಟಿ ಹುತ್ತದ ಮಣ್ಣನ್ನು ಕೊರೆದುಕೊಂಡು ಬೆಳಕಿಗೆ ಬರುತ್ತದೆ. ಕೊಡೆ ಬಿರಿದ ಮೇಲೂ ನಡುನೆತ್ತಿಯಲ್ಲಿ ಕಂದುಬಣ್ಣದ ಮೊನೆ ಉಳಿದಿರುತ್ತದೆ. ಹಿಂದೆ ಉಳಿದ ದಾರಿಯೇ ಆ ಉದ್ದನೆಯ ಬೇರು.

ಇದೇ ಕುಲದ ಪುಟಾಣಿ ಒಂದಿದೆ, ನಾವು ಅಕ್ಕಿ ಅಣಬೆ ಎನ್ನುವುದು. ಕೊಡೆ ಉಗುರಿನಷ್ಟು, ಎರಡು ಸೆಂಟಿಮೀಟರ್ ದಾಟುವುದು ಅಪರೂಪ. ಅದಕ್ಕೆ ಆಳದ ಬೇರಿಲ್ಲ. ಗೆದ್ದಲುಗಳು ಹಳೆಯ ತೋಟದ ಚೂರುಗಳನ್ನು ಹೊರಗೆ ತಂದು ಹರಡುತ್ತವೆ, ಅವುಗಳ ಮೇಲೆ ಸಾವಿರಾರು ಅಣಬೆಗಳು ಅಕ್ಕಿ ಚೆಲ್ಲಿದಂತೆ ಏಳುತ್ತವೆ. ಮಲಯಾಳದಲ್ಲೂ ಇದು ಅರಿಕ್ಕೂಣ್, ಅಕ್ಕಿಯ ಅಣಬೆಯೇ. ಒಂದು ಸಾರಿಗೆ ಸಾಲುವಷ್ಟು ಬಿಡಿಸಲು ಅರ್ಧ ದಿನ ಬೇಕು, ಮಕ್ಕಳ ಬೆರಳು ಬೇಕು.

ಗುಡುಗಿಗೂ ಅಣಬೆಗೂ ನಂಟಿದೆಯೆ? ಇಂದು ನಾವು ವಿಜ್ಞಾನದಲ್ಲಿ ಬಳಸುವ ಶಿಲೀಂಧ್ರ ಎಂಬ ಮಾತು ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿನ ಮಾತಿನ ಜೊತೆಯಲ್ಲೇ ಬರುತ್ತದೆ. ಜಪಾನಿನ ಇವಾತೆ ವಿಶ್ವವಿದ್ಯಾಲಯದವರು ಶಿಟಾಕೆ ಅಣಬೆ ಬೆಳೆಯುವ ಮರದ ದಿಮ್ಮಿಗಳಿಗೆ ಮಿಂಚಿನಂಥ ವಿದ್ಯುತ್ ತಾಗಿಸಿ ಹೆಚ್ಚು ಫಸಲು ತೆಗೆದದ್ದೂ ಇದೆ. ನಮ್ಮ ಹುತ್ತಗಳಲ್ಲಿ ಮಾತ್ರ ಕಣ್ಣಿಗೆ ಕಾಣುವ ಕಾರಣ ಮಳೆ ತಂದ ಹದ: ನೆನೆದ ಮಣ್ಣು, ತಗ್ಗಿದ ಬಿಸಿ, ನಡುವೆ ಒಂದೆರಡು ದಿನದ ಹೊಳವು. ಅಜ್ಜಿಗೆ ಗುಡುಗು ಆ ಹದದ ಗಂಟೆಯಾಗಿತ್ತು.

ಅಡಿಗೆಮನೆಯಲ್ಲಿ

ತಂದ ಅಣಬೆಯನ್ನು ಅಂದೇ ಅಟ್ಟು ಉಣ್ಣಬೇಕು. ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವ ವಸ್ತು, ಸಂಜೆಗೆ ಕಪ್ಪಾಗಿ ಕರಗುತ್ತದೆ. ಬೇರಿನ ಮಣ್ಣು ಹೆರೆದು, ಅರಿಸಿನ ಉಪ್ಪು ಹಾಕಿದ ನೀರಿನಲ್ಲಿ ನಾಲ್ಕು ಬಾರಿ ತೊಳೆದು, ಕೈಯಿಂದಲೇ ಸೀಳಬೇಕು. ಕತ್ತಿ ತಾಗಿಸಿದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಕೊತ್ತಂಬರಿ, ಜೀರಿಗೆ, ಒಣಮೆಣಸು ಹುರಿದು ಕಾಯಿಯ ಜೊತೆ ಅರೆದ ಮಸಾಲೆಗೆ ಬಿದ್ದ ಅಣಬೆ ಬೇಯುತ್ತಿದ್ದರೆ ಜಗಲಿಯವರೆಗೂ ಘಮ. ಆ ದಿನ ಕಡುಬೋ ಅಕ್ಕಿರೊಟ್ಟಿಯೋ ಇರಲೇಬೇಕು. ಸ್ವಲ್ಪವೇ ಸಿಕ್ಕಿದ ದಿನ ಉಪ್ಪು, ಸೂಜಿಮೆಣಸು ಹಚ್ಚಿ ಬಾಳೆಎಲೆಯಲ್ಲಿ ಸುತ್ತಿ ಕೆಂಡದಡಿ ಹೂತಿಡುವುದು. ಹಾಗೆ ಸುಟ್ಟದ್ದರ ರುಚಿ ಬೇರೆ ಯಾವ ಅಡಿಗೆಗೂ ಬರಲಿಲ್ಲ.

ಕೊಡಗಿನಲ್ಲಿ ಕಕ್ಕಡ ಮಾಸದ ಊಟಕ್ಕೆ ಕಳಲೆಯಷ್ಟೇ ಕುಮ್ಮೂ ಮುಖ್ಯ. ಕಡಂಬುಟ್ಟಿನ ಜೊತೆ ಕುಮ್ಮು ಕರಿ. ತುಳುನಾಡಿನಲ್ಲಿ ಆಟಿ ತಿಂಗಳ ಹೊತ್ತಿಗೆ ಲಾಂಬಿನ ಗಸಿ, ಸುಕ್ಕ. ಗದ್ದೆಯ ನಾಟಿ ನಡೆದಿರುವ, ಹಳೆಯ ಅಕ್ಕಿ ತೀರುತ್ತಿರುವ, ತರಕಾರಿ ಇಲ್ಲದ ಆಷಾಢ ಶ್ರಾವಣಗಳಲ್ಲಿ ಕಾಡು ಕೊಡುವ ಊಟ ಇದು. ಜಮೀನಿಲ್ಲದವರ ಮನೆಗೂ ಅಷ್ಟೇ ಸಲೀಸಾಗಿ ಬರುವ ಊಟ. ಮನುಸ್ಮೃತಿ ಬೆಳ್ಳುಳ್ಳಿ ನೀರುಳ್ಳಿಗಳ ಸಾಲಿನಲ್ಲಿ ಅಣಬೆಯನ್ನೂ ನಿಷೇಧಿಸಿದೆ, ಹಾಗಾಗಿ ಅಣಬೆ ಒಳಗೆ ಬರದ ಮನೆಗಳೂ ಊರಿನಲ್ಲಿದ್ದವು. ಯಾವ ಹುತ್ತದಲ್ಲಿ ಯಾವ ಮಳೆಗೆ ಯಾವುದು ಏಳುತ್ತದೆ ಎಂಬ ತಿಳಿವಳಿಕೆಯನ್ನು ಉಳಿಸಿಕೊಂಡು ಬಂದವರು ಹೆಚ್ಚಾಗಿ ಕೂಲಿಗೆ ಹೋಗುವ ಹೆಂಗಸರು, ದನ ಕಾಯುವ ಹುಡುಗರು. ತೇಗದ ಎಲೆಯಲ್ಲಿ ಪಾಲು ಮಾಡಿ ಪೇಟೆಯ ರಸ್ತೆಬದಿಗೆ ತಂದು ಕೂರುವವರೂ ಅವರೇ. ಆ ಎಲೆಯ ಮೇಲಿರುವುದಕ್ಕೆ ಚೌಕಾಸಿ ಮಾಡುವ ಮುನ್ನ ಅದರ ಹಿಂದಿನ ಕಣ್ಣು, ಕಾಲು, ನೆನಪುಗಳಿಗೂ ಬೆಲೆಯಿದೆ ಎಂದು ಕೊಳ್ಳುವವರು ತಿಳಿಯಬೇಕು.

ಗುಂಡಿ ಅಣಬೆ, ಚಿಪ್ಪಿನ ಅಣಬೆಗಳನ್ನು ಹುಲ್ಲಿನ ಮೇಲೆ, ಚೀಲದೊಳಗೆ ಬೆಳೆದು ಮಾರುವ ಕಾಲ ಇದು. ಹುತ್ತದ ಅಣಬೆ ಆ ದಾರಿಗೆ ಬಂದಿಲ್ಲ. ಅದರ ಬಿಳಿ ಎಳೆಗಳನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಬಹುದು. ಆದರೆ ಹುತ್ತವೂ ಗೆದ್ದಲೂ ಇಲ್ಲದೆ ಅದನ್ನು ಫಸಲಾಗಿ ಬೆಳೆದು ಮಾರುಕಟ್ಟೆ ತುಂಬುವುದು ಮನುಷ್ಯನಿಗೆ ಒಲಿದಿಲ್ಲ. ಈ ಬೆಳೆಯ ಬೇಸಾಯಗಾರರು ಗೆದ್ದಲುಗಳು ಮಾತ್ರ.

ಗೊತ್ತಿಲ್ಲದ್ದನ್ನು ಮುಟ್ಟಬೇಡಿ

ಇಷ್ಟು ಓದಿ ಬುಟ್ಟಿ ಹಿಡಿದು ಹೊರಡುವವರಿಗೆ ಒಂದು ಮಾತು ಹೇಳಲೇಬೇಕು. ಅಣಬೆಯನ್ನು ಓದಿ ಕಲಿಯಲಾಗದು, ಬಲ್ಲವರ ಜೊತೆ ಹಲವು ಮಳೆಗಾಲ ನಡೆದು ಕಲಿಯಬೇಕು. ಹಟ್ಟಿಯ ಹಿಂದೆ, ಹುಲ್ಲುಹಾಸಿನಲ್ಲಿ ಏಳುವ ಒಂದು ದೊಡ್ಡ ಬಿಳಿ ಅಣಬೆಯಿದೆ. ಕೊಡೆಯ ಮೇಲೆ ಕಂದು ಹಕ್ಕಳೆ, ಬಲಿತಾಗ ಅಡಿಯ ಪದರಗಳು ಹಸಿರಾಗುತ್ತವೆ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿಭೇದಿ. ಇನ್ನೂ ಕ್ರೂರವಾದದ್ದು ಅಮಾನಿಟಾ ಕುಲದ ಕೆಲವು ಅಣಬೆಗಳು: ಅಡಿಯ ಪದರ ಬಿಳಿ, ದಂಟಿನಲ್ಲಿ ಬಳೆ, ಬುಡದಲ್ಲಿ ಮೊಟ್ಟೆಯ ಚಿಪ್ಪಿನಂಥ ಬಟ್ಟಲು. ಇವುಗಳ ವಿಷ ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮರುದಿನ, ಹೊಟ್ಟೆನೋವು ಶುರುವಾಗುತ್ತದೆ. ಅಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ. ನಡುವೆ ಒಂದು ದಿನ ಗುಣವಾದಂತೆ ಕಂಡು ಮೋಸ ಮಾಡುವುದೂ ಉಂಟು. ಬೆಳ್ಳಿ ನಾಣ್ಯ ಕಪ್ಪಾಗಲಿಲ್ಲ, ಅಕ್ಕಿಯ ಬಣ್ಣ ಬದಲಾಗಲಿಲ್ಲ, ಹುಳ ತಿಂದಿದೆ ಎಂಬ ಯಾವ ಪರೀಕ್ಷೆಯನ್ನೂ ನಂಬಬಾರದು. ಅನುಮಾನ ಬಂದರೆ ಉಳಿದ ಅಣಬೆಯನ್ನೂ ಕೈಯಲ್ಲಿ ಹಿಡಿದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹುತ್ತ ಉಳಿದರೆ

ನಮ್ಮ ಸೊಪ್ಪಿನಬೆಟ್ಟದಲ್ಲಿ ಅಣಬೆ ಏಳುತ್ತಿದ್ದ ಹುತ್ತಗಳನ್ನು ನಾನು ಈಗಲೂ ಬೆರಳು ಮಡಚಿ ಎಣಿಸಬಲ್ಲೆ, ಎಣಿಸಿದಷ್ಟು ಅಲ್ಲಿಲ್ಲ. ಎರಡು ಹೊಸ ರಸ್ತೆಗೆ ಹೋದವು. ಒಂದನ್ನು ಅಡಿಕೆ ಗುಂಡಿ ತೆಗೆಯಲು ಬಂದ ಜೆಸಿಬಿ ಒಂದೇ ಬಾರಿಗೆ ಮಗುಚಿತು. ಇನ್ನೊಂದಕ್ಕೆ ಗೆದ್ದಲಿನ ಔಷಧ ಹೊಯ್ದರು, ಮುಂದಿನ ಮಳೆಗಾಲಕ್ಕೆ ಅದರ ಮೇಲೆ ಸ್ಯೂಡೋಕ್ಸೈಲೇರಿಯದ ಕಪ್ಪು ಬೆರಳುಗಳು ಎದ್ದಿದ್ದವು. ದರಗು ಗುಡಿಸಿ ನೆಲವನ್ನು ಬೋಳು ಮಾಡಿದ ತೋಟಗಳಲ್ಲಿ ಗೆದ್ದಲಿಗೆ ಮೇವಿಲ್ಲ. ಅಕೇಶಿಯಾದ ನೆಡುತೋಪುಗಳಲ್ಲಿ ಹಳೆಯ ಕಾನಿನ ಹತ್ತು ಬಗೆಯ ಎಲೆ, ಬಿದ್ದ ಮರ, ನೆರಳು ಯಾವುದೂ ಇಲ್ಲ.

ಹುತ್ತವನ್ನು ಪೂಜಿಸುವ ನಾಡು ಇದು. ಅಣಬೆಯ ಕಾಲ ಮುಗಿಯುವ ಮುನ್ನವೇ ನಾಗರಪಂಚಮಿ ಬಂದು ಹುತ್ತಕ್ಕೆ ಹಾಲೆರೆಯುತ್ತೇವೆ. ಗೆದ್ದಲು ಕಟ್ಟಿದ ಮನೆಗೆ ಹಾವು ಬಂದು ಸೇರಿತೆಂದು ಗಾದೆಯನ್ನೂ ಹೇಳುತ್ತೇವೆ. ಕಣ ಬಳಿಯಲು, ಉಳುಕಿಗೆ ಹಚ್ಚಲು, ಗೊಬ್ಬರಕ್ಕೆ ಬೆರೆಸಲು ಹುತ್ತದ ಮಣ್ಣು ಬೇಕು. ಪೂಜೆ ಹಾವಿಗೆ, ಮಣ್ಣು ನಮಗೆ; ಕಟ್ಟಿದವರನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಮನೆಯ ತೊಲೆಯಿಂದ ಗೆದ್ದಲನ್ನು ದೂರ ಇಡಬೇಕಾದ್ದು ನಿಜ. ಬೆಟ್ಟದ ಹುತ್ತಕ್ಕೂ ಔಷಧ ಹೊಯ್ಯುವ ಅಗತ್ಯ ಏನಿದೆ? ತೋಟದ ಅಂಚಿನ ಒಂದು ಹುತ್ತವನ್ನು ಹಾಗೆಯೇ ಬಿಟ್ಟು, ಅದರ ಸುತ್ತ ನಾಲ್ಕು ಮಾರು ದರಗನ್ನು ಗುಡಿಸದೆ ಬಿಟ್ಟರೆ ಅದು ಬದುಕಿಕೊಳ್ಳುತ್ತದೆ. ಅಣಬೆ ಕೀಳುವಾಗ ಹಾರೆ ಗುದ್ದಲಿ ಬೇಡ. ಬೇರಿನ ಕೊನೆಯ ಗೇಣಿಗಾಗಿ ಮಣ್ಣು ಬಗೆದರೆ ತೋಟದ ಮಾಡು ಒಡೆಯುತ್ತದೆ, ಮಳೆನೀರು ಒಳಗಿಳಿಯುತ್ತದೆ.

ಕಳೆದ ವರ್ಷ ಪುಷ್ಯ ಮಳೆಯ ಹೊತ್ತಿಗೆ ಊರಿಗೆ ಹೋಗಿದ್ದೆ. ಉಳಿದ ಹುತ್ತಗಳಲ್ಲೊಂದರ ಬುಡದಲ್ಲಿ ಹದಿನೇಳು ಅಣಬೆಗಳಿದ್ದವು. ಹನ್ನೊಂದು ಮೊಗ್ಗು ಬಿಡಿಸಿಕೊಂಡೆ. ಉಳಿದ ಆರು ಪೂರ್ತಿ ಬಿರಿದು, ಅಂಚು ಸೀಳಿ, ಮೇಲಕ್ಕೆ ಮಡಚಿಕೊಳ್ಳುತ್ತಿದ್ದವು. ಬಗ್ಗಿ ನೋಡಿದರೆ ಅವುಗಳ ಕೆಳಗಿನ ಒಣಎಲೆಯ ಮೇಲೆ ತೆಳುವಾದ ನಸುಗೆಂಪು ಹುಡಿ ಬಿದ್ದಿತ್ತು. ಆ ಎಲೆಯನ್ನು ಈ ವಾರವೋ ಮುಂದಿನ ವಾರವೋ, ಮೊದಲ ಮಳೆಗೆ ಬರಿಗೈಯಲ್ಲಿ ಹಾರಿಹೋದ ಯಾವುದೋ ಜೋಡಿಯ ಮೊದಲ ಮಕ್ಕಳು ತಿಂದು ಗೂಡಿಗೆ ಮರಳಬೇಕಿತ್ತು. ಬಿರಿದದ್ದು ಹುತ್ತದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಈ ಹುತ್ತದ್ದಷ್ಟೇ ಅಲ್ಲ, ಇನ್ನೂ ಎದ್ದಿರದ ಹುತ್ತಗಳದ್ದು. ಎಲೆ ಅಲುಗದಂತೆ ಕಾಲು ಹಿಂದಿಟ್ಟು ಮನೆಯ ದಾರಿ ಹಿಡಿದೆ.